ಕಾಲುಗುರಿನ ಫಂಗಸ್: ಮಾತ್ರೆ, ಲ್ಯಾಕರ್, ಲೇಸರ್, ಮನೆಮದ್ದು... ಯಾರಿಗೆ ಯಾವುದು?

ಹೆಬ್ಬೆರಳ ಉಗುರು ಹಳದಿಯಾಗಿ, ದಪ್ಪವಾಗಿ, ಕತ್ತರಿಸುವಾಗ ಪುಡಿಪುಡಿಯಾಗಿ ಉದುರತೊಡಗಿದರೆ ಸಲಹೆಗಳಿಗೆ ಬರವಿಲ್ಲ. ಮನೆಯಲ್ಲಿ ನಿಂಬೆರಸ ಹಚ್ಚು ಅನ್ನುತ್ತಾರೆ. ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬ್ ಕೊಟ್ಟು ಕಳಿಸುತ್ತಾರೆ. ಫೋನ್ ತೆಗೆದರೆ ಲೇಸರ್ ಜಾಹೀರಾತು. ಆದರೆ ಯಾವ ಚಿಕಿತ್ಸೆ ಬೇಕು ಅಂತ ತೀರ್ಮಾನಿಸುವ ಮೊದಲು ಎರಡು ಜಾಗ ನೋಡಿಕೊಳ್ಳಬೇಕು. ಒಂದು ಉಗುರಿನ ಬುಡ, ಇನ್ನೊಂದು ಬೆರಳ ಸಂದಿ. ರೋಗ ಬುಡದ ತನಕ ಹೋಗಿದೆಯಾ ಇಲ್ಲವಾ ಅನ್ನುವುದರ ಮೇಲೆ ಮದ್ದು ಬದಲಾಗುತ್ತದೆ. ಸಂದಿಯಲ್ಲಿ ಫಂಗಸ್ ಉಳಿದುಕೊಂಡಿದ್ದರೆ, ಯಾವ ಮದ್ದು ಮಾಡಿದರೂ ಅದು ಮತ್ತೆ ಉಗುರಿಗೆ ಬರುತ್ತದೆ.

ಇದನ್ನು ಓದಿ ನೀವೇ ಮಾತ್ರೆ ಶುರು ಮಾಡಬೇಡಿ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ, ಅಷ್ಟೇ.

ಇದು ಫಂಗಸ್ ಹೌದಾ?

ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಫಂಗಸ್ ಕಾರಣ. ಉಳಿದವುಗಳ ಕಥೆ ಬೇರೆ. ಸೋರಿಯಾಸಿಸ್ ಅನ್ನುವ ಚರ್ಮರೋಗ ಇರುವವರ ಉಗುರೂ ಹೀಗೇ ಎದ್ದು ದಪ್ಪವಾಗುತ್ತದೆ. ಕೈಯುಗುರಿನ ಮೇಲೆ ಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಗುಳಿಗಳಿದ್ದರೆ ಅನುಮಾನ ಆ ಕಡೆ ಹೋಗಬೇಕು. ಬಿಗಿ ಶೂ ಹಾಕಿ ದಿನಾ ಓಡುವವರ ಉಗುರು ಪೆಟ್ಟು ತಿಂದು ತಿಂದು ಬಣ್ಣ ಕೆಡುತ್ತದೆ. ವಯಸ್ಸಾದಂತೆ ಉಗುರು ತಾನಾಗಿ ದಪ್ಪಗಾಗುವುದೂ ಉಂಟು. ಹಸಿರು ಬಣ್ಣ ಬಂದಿದ್ದರೆ ಬಹುಮಟ್ಟಿಗೆ ಅದು ಬ್ಯಾಕ್ಟೀರಿಯಾ. ನೇಲ್ ಪಾಲಿಶ್ ಬಿಟ್ಟುಹೋದ ಹಳದಿ ಕಲೆಯನ್ನೇ ನೋಡಿ ಹೆದರುವವರೂ ಇದ್ದಾರೆ.

ಒಂದು ಲಕ್ಷಣ ಮಾತ್ರ ಕಾಯುವಂಥದ್ದಲ್ಲ. ಉಗುರಿನ ಉದ್ದಕ್ಕೆ ಕಪ್ಪು ಅಥವಾ ಕಂದು ಗೆರೆ ಹೊಸದಾಗಿ ಬಂದು ಅಗಲವಾಗುತ್ತಿದ್ದರೆ, ಆ ಬಣ್ಣ ಬುಡದ ಚರ್ಮಕ್ಕೂ ಇಳಿದಿದ್ದರೆ, ಮುಂದಿನದನ್ನು ಓದುವುದು ಆಮೇಲೆ. ಮೊದಲು ಚರ್ಮದ ಡಾಕ್ಟರ ಹತ್ತಿರ ಹೋಗಿ. ಅಪರೂಪಕ್ಕೆ ಅದು ಮೆಲನೋಮಾ ಅನ್ನುವ ಕ್ಯಾನ್ಸರ್ ಆಗಿರುತ್ತದೆ.

ಫಂಗಸ್ ಸಾಮಾನ್ಯವಾಗಿ ಉಗುರಿನ ತುದಿಯಲ್ಲೋ ಪಕ್ಕದಲ್ಲೋ ಶುರುವಾಗಿ ನಿಧಾನಕ್ಕೆ ಹಿಂದಕ್ಕೆ ಸರಿಯುತ್ತದೆ. ಹೆಚ್ಚಿನ ಸಲ ಇದಕ್ಕೆ ಕಾರಣ ಟ್ರೈಕೋಫೈಟಾನ್ ರುಬ್ರಮ್ ಅನ್ನುವ ಫಂಗಸ್. ಬೆರಳ ಸಂದಿಯಲ್ಲಿ ಬಿಳಿಚಿ, ಸುಲಿದು, ತುರಿಸುತ್ತದಲ್ಲ, ಅಲ್ಲಿರುವುದೂ ಸಾಮಾನ್ಯವಾಗಿ ಇದೇ. ಕೆಲವರಿಗೆ ಉಗುರಿನ ಮೇಲ್ಮೈಯಲ್ಲಿ ಮಾತ್ರ ಬಿಳಿ ಪುಡಿಯ ಹಾಗೆ ಕೂರುತ್ತದೆ. ಅದು ಸುಲಭದ್ದು, ಕೆರೆದರೆ ಬರುತ್ತದೆ. ತುದಿ ಚೆನ್ನಾಗಿದ್ದು ಬುಡದಲ್ಲೇ ಬಿಳಿಯಾಗಿ ಶುರುವಾಗಿದ್ದರೆ ದೇಹದ ರೋಗನಿರೋಧಕ ಶಕ್ತಿ ಕುಗ್ಗಿರಬಹುದು. ಅದನ್ನು ಡಾಕ್ಟರಿಗೆ ಬಿಡಿಸಿ ಹೇಳಿ.

ಪರೀಕ್ಷೆ: ಯಾವುದು ಸಾಕು?

ಅಗ್ಗದ್ದು, ಬೇಗ ಮುಗಿಯುವುದು ಕೆಒಎಚ್ ಪರೀಕ್ಷೆ. ಉಗುರಿನ ಅಡಿಯ ಪುಡಿಯನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ, ಮೈಕ್ರೋಸ್ಕೋಪಿನ ಕೆಳಗೆ ಫಂಗಸ್ ಎಳೆಗಳನ್ನು ಹುಡುಕುತ್ತಾರೆ. ಕಲ್ಚರ್ ಮಾಡಿಸಿದರೆ, ಅಂದರೆ ಲ್ಯಾಬ್‌ನಲ್ಲಿ ಫಂಗಸ್ ಬೆಳೆಸಿ ನೋಡಿದರೆ, ಯಾವ ಜಾತಿಯ ಫಂಗಸ್ ಅಂತಲೂ ತಿಳಿಯುತ್ತದೆ. ಆದರೆ ಮೂರು ನಾಲ್ಕು ವಾರ ಕಾಯಬೇಕು, ಮತ್ತು ಫಂಗಸ್ ಇದ್ದರೂ ಎಷ್ಟೋ ಸಲ ಬೆಳೆಯುವುದಿಲ್ಲ. ಕತ್ತರಿಸಿದ ಉಗುರಿನ ತುಂಡಿಗೆ ಪಿಎಎಸ್ ಅನ್ನುವ ಬಣ್ಣ ಹಾಕಿ ನೋಡುವ ಪರೀಕ್ಷೆ ಕೆಒಎಚ್‌ಗಿಂತ ಚುರುಕು. ಪೆಥಾಲಜಿ ಲ್ಯಾಬ್ ಇರುವ ಕಡೆ ಆಗುತ್ತದೆ. ಫಂಗಸ್‌ನ ಡಿಎನ್‌ಎ ಹುಡುಕುವ ಪಿಸಿಆರ್ ದೊಡ್ಡ ಊರಿನ ಮಾತು, ಖರ್ಚೂ ಜಾಸ್ತಿ.

ನನ್ನ ಲೆಕ್ಕದಲ್ಲಿ ಹೆಚ್ಚಿನವರಿಗೆ ಕೆಒಎಚ್ ಸಾಕು. ಅದರಲ್ಲಿ ಏನೂ ಸಿಗದೆ, ಡಾಕ್ಟರಿಗೆ ಅನುಮಾನ ಮಾತ್ರ ಹೋಗದಿದ್ದರೆ ಪಿಎಎಸ್. ಆದರೆ ಯಾವ ಪರೀಕ್ಷೆಯಾದರೂ ಸ್ಯಾಂಪಲ್ ಸರಿಯಿರಬೇಕು. ಉಗುರಿನ ತುದಿ ಚೂರು ಕತ್ತರಿಸಿ ಕೊಟ್ಟರೆ ಪ್ರಯೋಜನ ಕಡಿಮೆ. ಜೀವಂತ ಫಂಗಸ್ ಇರುವುದು ಒಳಗೆ, ಕೆಟ್ಟ ಉಗುರು ಒಳ್ಳೆಯ ಉಗುರನ್ನು ಕೂಡುವ ಜಾಗದಲ್ಲಿ. ಅಲ್ಲಿಯ ಪುಡಿ ಬೇಕು. ಈಗಾಗಲೇ ಫಂಗಸ್ ಕ್ರೀಮ್ ಹಚ್ಚುತ್ತಿದ್ದರೆ, ಎಷ್ಟು ವಾರ ಮುಂಚೆ ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ.

ಮಾತ್ರೆ ತಿನ್ನುವುದಾದರೆ ಪರೀಕ್ಷೆ ಬೇಕು, ಮೇಲೆ ಹಚ್ಚುವುದಕ್ಕೆ ಯಾಕೆ ಅಂತ ಕೇಳುವವರಿದ್ದಾರೆ. ನನಗೆ ಇದು ಉಲ್ಟಾ ಅನ್ನಿಸುತ್ತದೆ. ಮಾತ್ರೆ ಮೂರು ತಿಂಗಳಲ್ಲಿ ಮುಗಿಯುತ್ತದೆ. ಲ್ಯಾಕರ್, ಅಂದರೆ ನೇಲ್ ಪಾಲಿಶ್ ಹಾಗೆ ಉಗುರಿಗೆ ಬಳಿಯುವ ಫಂಗಸ್ ಮದ್ದು, ಒಂದು ವರ್ಷ ತಿನ್ನುತ್ತದೆ. ಸೋರಿಯಾಸಿಸ್ ಉಗುರಿಗೆ ವರ್ಷವಿಡೀ ಫಂಗಸ್ ಲ್ಯಾಕರ್ ಹಚ್ಚಿ ಕೂತರೆ ದುಡ್ಡೂ ಹೋಯಿತು, ವರ್ಷವೂ ಹೋಯಿತು.

ಯಾಕಿಷ್ಟು ಕಾಲ?

ಕಾಲಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು ಒಂದೂವರೆ ಮಿಲಿಮೀಟರ್. ಹೆಬ್ಬೆರಳ ಉಗುರು ಬುಡದಿಂದ ತುದಿಗೆ ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಹಿಡಿಯುತ್ತದೆ. ಕೈಯುಗುರು ಇದರ ಎರಡರಷ್ಟು ಬೇಗ ಬೆಳೆಯುತ್ತದೆ. ಕೆಟ್ಟ ಭಾಗ ರಿಪೇರಿ ಆಗುವುದಿಲ್ಲ, ಬೆಳೆದು ತುದಿಗೆ ಬಂದು ಕತ್ತರಿಗೆ ಸಿಗಬೇಕು. ಹಾಗಾಗಿ ಮದ್ದು ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ತುದಿ ನೋಡಬೇಡಿ, ಬುಡ ನೋಡಿ. ಅಲ್ಲಿಂದ ಸ್ವಚ್ಛವಾದ ಹೊಸ ಉಗುರು ಬರುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ತಿಂಗಳಿಗೊಮ್ಮೆ ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಹೋಲಿಸುವುದು ಸುಲಭ.

“ಹದಿನೈದು ದಿನದಲ್ಲಿ ಹೊಸ ಉಗುರು” ಅನ್ನುವ ಜಾಹೀರಾತು ಕಂಡರೆ ಈ ಒಂದೂವರೆ ಮಿಲಿಮೀಟರ್ ನೆನಪಿರಲಿ.

ಮಾತ್ರೆ: ಟರ್ಬಿನಾಫಿನ್ ಮತ್ತು ಇಟ್ರಾಕೊನಝೋಲ್

ಉಗುರಿನ ಅರ್ಧಕ್ಕಿಂತ ಜಾಸ್ತಿ ಕೆಟ್ಟಿದ್ದರೆ, ರೋಗ ಬುಡ ಮುಟ್ಟಿದ್ದರೆ, ಅಥವಾ ನಾಲ್ಕೈದು ಉಗುರಿಗೆ ಹರಡಿದ್ದರೆ ಮೇಲೆ ಹಚ್ಚುವ ಮದ್ದು ಒಂದರಿಂದಲೇ ಆಗುವುದು ಕಷ್ಟ. ಉಗುರು ಗಟ್ಟಿ ಪದರ, ಮದ್ದು ಇಳಿಯುವುದಿಲ್ಲ. ಮಾತ್ರೆಯಾದರೆ ರಕ್ತದ ಮೂಲಕ ಬುಡಕ್ಕೇ ಹೋಗುತ್ತದೆ.

ಟರ್ಬಿನಾಫಿನ್ ದಿನಕ್ಕೆ 250 ಮಿಲಿಗ್ರಾಂನ ಒಂದು ಮಾತ್ರೆ, ಕಾಲುಗುರಿಗೆ 12 ವಾರ. ಇಟ್ರಾಕೊನಝೋಲ್ ಎರಡು ರೀತಿಯಲ್ಲಿ ಕೊಡುತ್ತಾರೆ. ದಿನಾ 200 ಮಿಲಿಗ್ರಾಂನಂತೆ 12 ವಾರ, ಇಲ್ಲವೇ ತಿಂಗಳಲ್ಲಿ ಒಂದು ವಾರ ಮಾತ್ರ ದಿನಕ್ಕೆರಡು ಬಾರಿ 200 ಮಿಲಿಗ್ರಾಂ, ಹೀಗೆ ಮೂರು ತಿಂಗಳು. ತಿಂಗಳಲ್ಲಿ ಒಂದೇ ವಾರ ಅಂದಕೂಡಲೇ ಎರಡನೆಯದು ಇಷ್ಟವಾಗುತ್ತದೆ, ಅಲ್ವಾ?

ಫಲಿತಾಂಶ ನೋಡಿದರೆ ಆ ಇಷ್ಟ ಸ್ವಲ್ಪ ಕಮ್ಮಿಯಾಗುತ್ತದೆ. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಯುರೋಪಿನ ಒಂದು ದೊಡ್ಡ ಅಧ್ಯಯನ ಇವೆರಡನ್ನೂ ನೇರವಾಗಿ ಹೋಲಿಸಿತ್ತು. 72 ವಾರಗಳ ನಂತರ ಪರೀಕ್ಷೆಯಲ್ಲಿ ಫಂಗಸ್ ಕಾಣದವರು, 12 ವಾರ ಟರ್ಬಿನಾಫಿನ್ ತೆಗೆದುಕೊಂಡವರಲ್ಲಿ ಶೇ. 76ರಷ್ಟು. ವಾರದ ಲೆಕ್ಕದಲ್ಲಿ ಮೂರು ಸುತ್ತು ಇಟ್ರಾಕೊನಝೋಲ್ ತೆಗೆದುಕೊಂಡವರಲ್ಲಿ ಶೇ. 38. ಕಾರಣ ಸಾಮಾನ್ಯ ಟ್ರೈಕೋಫೈಟಾನ್ ಆಗಿದ್ದು, ಬೇರೆ ತೊಡಕು ಇಲ್ಲದಿದ್ದರೆ ಮೊದಲ ಆಯ್ಕೆ ಟರ್ಬಿನಾಫಿನ್. ಕ್ಯಾಂಡಿಡಾ ಅನ್ನುವ ಯೀಸ್ಟ್ ಕಾರಣವಾಗಿದ್ದರೆ ಇಟ್ರಾಕೊನಝೋಲ್ ಮುಂದೆ ಬರುತ್ತದೆ. ಕಲ್ಚರ್ ಉಪಯೋಗಕ್ಕೆ ಬರುವುದು ಇಂಥ ಕಡೆ.

ಫಂಗಸ್ ಸಾಯುವುದು ಬೇರೆ, ಉಗುರು ಅಂದವಾಗುವುದು ಬೇರೆ. ಅಮೆರಿಕದಲ್ಲಿ ಟರ್ಬಿನಾಫಿನ್ ಜೊತೆ ಬರುವ ಮಾಹಿತಿ ಚೀಟಿಯ ಪ್ರಕಾರ ಕಾಲುಗುರಿನಲ್ಲಿ ಫಂಗಸ್ ಹೋದದ್ದು ಶೇ. 70 ಮಂದಿಗೆ. ಫಂಗಸ್ಸೂ ಹೋಗಿ ಉಗುರೂ ಪೂರ್ತಿ ಸರಿಯಾದದ್ದು ಶೇ. 38 ಮಂದಿಗೆ. ಮೊದಲೇ ಪೆಟ್ಟು ತಿಂದ ಉಗುರು ಫಂಗಸ್ ಹೋದ ಮೇಲೂ ಸೊಟ್ಟಗೆ ಇರಬಹುದು. ಇದು ಮೊದಲೇ ಗೊತ್ತಿದ್ದರೆ ಡಾಕ್ಟರ ಮೇಲೆ ಸುಮ್ನೆ ಸಿಟ್ಟು ಬರುವುದಿಲ್ಲ.

12 ವಾರ ಮುಗಿದಾಗ ಉಗುರು ಇನ್ನೂ ಕೆಟ್ಟದಾಗೇ ಕಾಣುತ್ತಿರುತ್ತದೆ. ಗಾಬರಿ ಬೇಡ. ಔಷಧಿ ಉಗುರಿನೊಳಗೆ ಸೇರಿಕೊಂಡು ಮಾತ್ರೆ ನಿಂತ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ.

ಇನ್ನು ಲಿವರ್ ಭಯ. ಎರಡೂ ಮಾತ್ರೆಗಳು ಲಿವರ್‌ಗೆ ತೊಂದರೆ ಕೊಡಬಲ್ಲವು. ಆದರೆ ಗಂಭೀರ ತೊಂದರೆ ಅಪರೂಪ. ಶುರು ಮಾಡುವ ಮೊದಲು ಲಿವರ್ ರಕ್ತ ಪರೀಕ್ಷೆ ಮಾಡಿಸುವುದು ರೂಢಿ. ಲಿವರ್ ಕಾಯಿಲೆ ಇದ್ದವರು ಇವನ್ನು ತೆಗೆದುಕೊಳ್ಳಬಾರದು. ಕುಡಿಯುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ನಡುವೆ ಊಟ ಸೇರದಿದ್ದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರನ್ನು ನೋಡಿ. ಟರ್ಬಿನಾಫಿನ್‌ನಿಂದ ಕೆಲವರಿಗೆ ನಾಲಿಗೆ ರುಚಿ ಹೋಗುತ್ತದೆ. ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ವಾಪಸ್ ಬರುತ್ತದೆ, ಕೆಲವೊಮ್ಮೆ ತಿಂಗಳುಗಳೇ ಬೇಕು. ಕಿಡ್ನಿ ಕೆಲಸ ತುಂಬಾ ಕುಗ್ಗಿದವರಿಗೆ, ಲೂಪಸ್ (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇದ್ದವರಿಗೆ ಟರ್ಬಿನಾಫಿನ್ ಸರಿಯಲ್ಲ.

ಇಟ್ರಾಕೊನಝೋಲ್‌ನ ತಕರಾರು ಬೇರೆ ಮಾತ್ರೆಗಳ ಜೊತೆ. ಹೃದಯ ದುರ್ಬಲವಾಗಿ ಹಾರ್ಟ್ ಫೇಲ್ಯೂರ್ ಆದವರಿಗೆ ಉಗುರಿನ ಸಲುವಾಗಿ ಇದನ್ನು ಕೊಡುವಂತಿಲ್ಲ. ಸಿಮ್ವಾಸ್ಟಾಟಿನ್ ಅನ್ನುವ ಕೊಲೆಸ್ಟ್ರಾಲ್ ಮಾತ್ರೆಯ ಜೊತೆ ಕೂಡದು. ಅದೇ ಜಾತಿಯ ಅಟೋರ್ವಾಸ್ಟಾಟಿನ್ ಇದ್ದರೂ ಡಾಕ್ಟರಿಗೆ ಹೇಳಲೇಬೇಕು, ರಕ್ತದಲ್ಲಿ ಅದರ ಪ್ರಮಾಣ ಏರಿ ಮೈಕೈ ಮಾಂಸಖಂಡಕ್ಕೆ ತೊಂದರೆಯಾಗಬಹುದು. ನಮ್ಮ ಕಡೆ ಇನ್ನೊಂದು ಗುಟ್ಟಾದ ವೈರಿ ಇದೆ: ಗ್ಯಾಸ್ಟ್ರಿಕ್ ಮಾತ್ರೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಝೋಲ್ ಅಥವಾ ಒಮೆಪ್ರಝೋಲ್ ನುಂಗುವುದು ಎಷ್ಟು ಮಾಮೂಲಿ ಅಂದರೆ, “ಬೇರೆ ಯಾವ ಮಾತ್ರೆ ತಗೋತೀರಿ” ಅಂತ ಕೇಳಿದರೆ ಅದನ್ನು ಯಾರೂ ಹೇಳುವುದೇ ಇಲ್ಲ. ಮಾಮೂಲಿ ಇಟ್ರಾಕೊನಝೋಲ್ ಕ್ಯಾಪ್ಸೂಲ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಅದಕ್ಕೇ ಊಟದ ಜೊತೆ ತಗೊಳ್ಳಿ ಅನ್ನುವುದು. ಗ್ಯಾಸ್ಟ್ರಿಕ್ ಮಾತ್ರೆ ಆಮ್ಲ ತಗ್ಗಿಸಿದರೆ ಈ ದುಬಾರಿ ಕ್ಯಾಪ್ಸೂಲ್ ಅರ್ಧಂಬರ್ಧ ಕೆಲಸ ಮಾಡುತ್ತದೆ. ಟರ್ಬಿನಾಫಿನ್‌ಗೆ ಇಂಥ ಗಲಾಟೆ ಕಡಿಮೆ. ಆದರೂ ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳ ಮೇಲೆ ಅದು ಪರಿಣಾಮ ಮಾಡುತ್ತದೆ.

ಫ್ಲುಕೊನಝೋಲ್ ವಾರಕ್ಕೊಂದು ಸಾಕು, ಆದರೆ ಆರು ತಿಂಗಳಿಂದ ವರ್ಷದ ತನಕ ಎಳೆಯುತ್ತದೆ. ಮೊದಲೆರಡೂ ಆಗದವರಿಗೆ ಇಟ್ಟುಕೊಳ್ಳುವ ದಾರಿ ಅದು. ಕೀಟೊಕೊನಝೋಲ್ ಮಾತ್ರೆಯನ್ನು ಉಗುರಿಗೆ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಲಿವರ್‌ಗೆ ಆಗುವ ಅಪಾಯದ ಕಾರಣಕ್ಕೆ 2013ರಲ್ಲೇ ಅಮೆರಿಕ, ಯುರೋಪಿನ ಔಷಧ ಸಂಸ್ಥೆಗಳು ಅದರ ವಿರುದ್ಧ ಎಚ್ಚರಿಕೆ ಕೊಟ್ಟಿವೆ.

ತೊಡೆ ಸಂದಿಯಲ್ಲೂ ಹುಳಕಡ್ಡಿ ಇದ್ದರೆ

ಇದನ್ನು ಬೇರೆಯಾಗಿ ಹೇಳಬೇಕು. ಕಳೆದ ಕೆಲವು ವರ್ಷಗಳಲ್ಲಿ ಭಾರತದಲ್ಲಿ ಟರ್ಬಿನಾಫಿನ್‌ಗೆ ಬಗ್ಗದ ಒಂದು ಫಂಗಸ್ ಹರಡಿದೆ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ ಹೆಸರಿಟ್ಟರು. ಅದು ಮುಖ್ಯವಾಗಿ ಚರ್ಮದ್ದು: ತೊಡೆ ಸಂದಿ, ಸೊಂಟ, ಪೃಷ್ಠ. ಹುಳಕಡ್ಡಿ ವರ್ಷಗಟ್ಟಲೆ ಹೋಗಿ ಬಂದು ಮಾಡುತ್ತಿದ್ದರೆ ಉಗುರು ತೋರಿಸುವಾಗ ಅದನ್ನೂ ತೋರಿಸಿ. ಮಾತ್ರೆಯ ಆಯ್ಕೆಯೇ ಬದಲಾಗಬಹುದು. ನಾಚಿಕೆಗೆ ಮುಚ್ಚಿಟ್ಟರೆ ನಷ್ಟ ನಿಮಗೇ.

ಈ ಸಮಸ್ಯೆ ಬೆಳೆಯಲು ಒಂದು ಕಾರಣ ಮೆಡಿಕಲ್ ಶಾಪಿನ “ಆಲ್ ಇನ್ ಒನ್” ಟ್ಯೂಬ್. ಅದರಲ್ಲಿ ಫಂಗಸ್ ಮದ್ದಿನ ಜೊತೆ ಕ್ಲೊಬೆಟಸೋಲ್‌ನಂಥ ಬಲವಾದ ಸ್ಟೀರಾಯ್ಡ್ ಸೇರಿರುತ್ತದೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ. ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಟ್ಯೂಬಿನ ಮೇಲೆ ಕ್ಲೊಬೆಟಸೋಲ್, ಬೀಟಾಮೆಥಸೋನ್, ಮೊಮೆಟಸೋನ್ ಅಂತ ಹೆಸರು ಕಂಡರೆ ಕಾಲಿನ ಫಂಗಸ್‌ಗೆ ಅದು ಬೇಡ.

ಲ್ಯಾಕರ್: ಯಾರಿಗೆ ಸಾಕು?

ಒಂದೆರಡು ಉಗುರು, ಅದರಲ್ಲೂ ತುದಿ ಮಾತ್ರ ಕೆಟ್ಟಿದ್ದು ಬುಡ ಚೆನ್ನಾಗಿದ್ದರೆ ಲ್ಯಾಕರ್ ಒಳ್ಳೆಯ ಆಯ್ಕೆ. ಮಾತ್ರೆ ತಿನ್ನಲಾಗದವರಿಗೂ ಇದೇ ದಾರಿ. ರಕ್ತಕ್ಕೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಲಿವರ್ ಚಿಂತೆ ಇಲ್ಲ.

ನಮ್ಮಲ್ಲಿ ಸಿಗುವ ಎರಡು ಹೆಸರು ಅಮೊರೊಲ್ಫಿನ್ 5% ಮತ್ತು ಸೈಕ್ಲೊಪಿರಾಕ್ಸ್ 8%. ಅಮೊರೊಲ್ಫಿನ್ ವಾರಕ್ಕೆ ಒಂದೋ ಎರಡೋ ಸಲ. ಸೈಕ್ಲೊಪಿರಾಕ್ಸ್ ದಿನಾ ಹಚ್ಚಬೇಕು, ವಾರಕ್ಕೊಮ್ಮೆ ಸ್ಪಿರಿಟ್‌ನಲ್ಲಿ ಒರೆಸಿ ತೆಗೆದು ಮತ್ತೆ ಶುರು ಮಾಡಬೇಕು. ಎರಡೂ ಸುಮಾರು ಒಂದು ವರ್ಷ. ಅಮೆರಿಕದ ಎರಡು ಪರೀಕ್ಷೆಗಳಲ್ಲಿ ಸೈಕ್ಲೊಪಿರಾಕ್ಸ್ 48 ವಾರ ಹಚ್ಚಿದವರಲ್ಲಿ ಪೂರ್ತಿ ವಾಸಿಯಾದದ್ದು ಶೇ. 5.5 ಮತ್ತು 8.5. ಕಡಿಮೆ, ನಿಜ. ಅಲ್ಲಿ 2014ರಲ್ಲಿ ಬಂದ ಎಫಿನಾಕೊನಝೋಲ್ ಅನ್ನುವ ದ್ರಾವಣ ಶೇ. 15ರಿಂದ 18ರ ತನಕ ಹೋಯಿತು. ಸೈಕ್ಲೊಪಿರಾಕ್ಸ್‌ಗಿಂತ ಮೇಲು, ಆದರೂ ಮಾತ್ರೆಯ ಮಟ್ಟ ಅಲ್ಲ.

ಲ್ಯಾಕರ್ ಸೋಲುವುದಕ್ಕೆ ಇನ್ನೊಂದು ಕಾರಣ ಸೋಮಾರಿತನ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಅಮೊರೊಲ್ಫಿನ್ ಹಚ್ಚುವ ಮುಂಚೆ ಉಗುರನ್ನು ಫೈಲ್‌ನಲ್ಲಿ ಉಜ್ಜಿ ತೆಳುಮಾಡಬೇಕು, ಸ್ಪಿರಿಟ್‌ನಲ್ಲಿ ಒರೆಸಬೇಕು, ಆಮೇಲೆ ಹಚ್ಚಬೇಕು. ಆ ಫೈಲ್ ಒಳ್ಳೆಯ ಉಗುರಿಗೆ ತಾಗಬಾರದು. ಮೂರು ತಿಂಗಳು ಉತ್ಸಾಹ ಇರುತ್ತದೆ. ನಾಲ್ಕನೆಯ ತಿಂಗಳಿಂದ ಉಜ್ಜುವುದು ನಿಲ್ಲುತ್ತದೆ, ದಪ್ಪ ಉಗುರಿನ ಮೇಲೆ ಸುಮ್ನೆ ಬಳಿಯುವುದು ಶುರುವಾಗುತ್ತದೆ. ದಿನಾ ಮಾಡುವ ಕೆಲಸ ಮರೆಯುವ ಸ್ವಭಾವದವರು ಅಮೊರೊಲ್ಫಿನ್ ಆರಿಸಿ ಭಾನುವಾರಕ್ಕೆ ನಿಗದಿ ಮಾಡಿಕೊಳ್ಳಲಿ.

ಮಾತ್ರೆ ಮತ್ತು ಲ್ಯಾಕರ್ ಜೊತೆಯಾಗಿ ಬಳಸುವುದೂ ಇದೆ. ರೋಗ ಜಾಸ್ತಿ ಇದ್ದಾಗ ಡಾಕ್ಟರುಗಳು ಹೀಗೆ ಕೊಡುತ್ತಾರೆ, ಫಲವೂ ಹೆಚ್ಚು. ಉಗುರಿನೊಳಗೆ ದಟ್ಟವಾದ ಹಳದಿ ಗೆರೆ ಅಥವಾ ಗಂಟಿನ ಹಾಗೆ ಕಂಡರೆ ಅಲ್ಲಿ ಫಂಗಸ್ ಒತ್ತಾಗಿ ಕೂತಿದೆ ಅಂತ ಅರ್ಥ. ಮಾತ್ರೆಯೂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಆ ಭಾಗವನ್ನು ಡಾಕ್ಟರ್ ಕತ್ತರಿಸಿ ತೆಗೆಯಬೇಕಾಗುತ್ತದೆ.

ಚರ್ಮಕ್ಕೆ ಹಚ್ಚುವ ಮಾಮೂಲಿ ಕ್ಲೊಟ್ರಿಮಝೋಲ್ ಕ್ರೀಮ್ ಉಗುರಿನ ಮೇಲೆ ಹಚ್ಚಿದರೆ? ಒಳಗೆ ಇಳಿಯುವುದಿಲ್ಲ. ಅದರ ಜಾಗ ಬೆರಳ ಸಂದಿ.

ಲೇಸರ್, ಉಗುರು ಕೀಳಿಸುವುದು

ಲೇಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ಔಷಧ ಸಂಸ್ಥೆ ಇವಕ್ಕೆ ಒಪ್ಪಿಗೆ ಕೊಟ್ಟಿರುವುದು “ಸ್ವಚ್ಛ ಉಗುರಿನ ತಾತ್ಕಾಲಿಕ ಹೆಚ್ಚಳ”ಕ್ಕೆ. ವಾಸಿ ಮಾಡುತ್ತದೆ ಅಂತ ಅಲ್ಲ. ಹಲವು ಸಲ ಹೋಗಬೇಕು, ಪ್ರತಿ ಸಲಕ್ಕೂ ದುಡ್ಡು. ಅದೇ ದುಡ್ಡಿನಲ್ಲಿ ಪರೀಕ್ಷೆ, ಮಾತ್ರೆ, ಲ್ಯಾಕರ್ ಎಲ್ಲ ಮುಗಿದು ಹೊಸ ಶೂ ಕೂಡ ಬಂದೀತು. ಮಾತ್ರೆ ಸಾಧ್ಯವಿಲ್ಲ, ಲ್ಯಾಕರ್ ಸೋತಿದೆ, ದುಡ್ಡಿಗೆ ತೊಂದರೆ ಇಲ್ಲ ಅನ್ನುವವರಿಗೆ ಬಿಟ್ಟ ವಿಷಯ.

ಉಗುರು ಕೀಳಿಸಿದರೆ ರೋಗ ಹೋಯಿತು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಬರೀ ಕೀಳಿಸಿದರೆ ಹೊಸ ಉಗುರಿಗೂ ಬರುತ್ತದೆ. ನೋವಿಲ್ಲದ ದಾರಿ 40% ಯೂರಿಯಾ ಕ್ರೀಮ್. ಸುತ್ತಲಿನ ಚರ್ಮಕ್ಕೆ ತಾಗದಂತೆ ಹಚ್ಚಿ ಪ್ಲಾಸ್ಟಿಕ್ ಸುತ್ತಿಟ್ಟರೆ ಕೆಲವು ದಿನಗಳಲ್ಲಿ ಕೆಟ್ಟ ಉಗುರು ಮೆತ್ತಗಾಗಿ ಕೆರೆದು ತೆಗೆಯಲು ಬರುತ್ತದೆ. ಆಮೇಲೆ ಮದ್ದು ಚೆನ್ನಾಗಿ ಇಳಿಯುತ್ತದೆ. ದಪ್ಪ ಉಗುರು ಶೂಗೆ ಒತ್ತಿ ನೋಯುವವರಿಗೆ ಇದೊಂದೇ ದೊಡ್ಡ ಸಮಾಧಾನ.

ಮನೆಮದ್ದು

ಅಮೆರಿಕದಲ್ಲಿ 18 ಜನರ ಮೇಲೆ ವಿಕ್ಸ್ ವೇಪೋರಬ್ ಹಚ್ಚಿ ನೋಡಿದ್ದರು. 48 ವಾರದಲ್ಲಿ ಐದು ಜನಕ್ಕೆ ವಾಸಿಯಾಯಿತು. ಹೋಲಿಸಲು ಬೇರೆ ಗುಂಪು ಇರಲಿಲ್ಲ, ಹಾಗಾಗಿ ದೊಡ್ಡ ತೀರ್ಮಾನ ಕಷ್ಟ. ಆದರೆ ಅಪಾಯವೂ ಇಲ್ಲ. ಮಾತ್ರೆ ಬೇಡ, ಲ್ಯಾಕರ್ ದುಬಾರಿ ಅನ್ನುವವರು ದಿನಾ ಹಚ್ಚಿ ನೋಡಬಹುದು. ತೆಂಗಿನೆಣ್ಣೆ ಒಣಗಿದ ಪಾದದ ಚರ್ಮಕ್ಕೆ ಒಳ್ಳೆಯದು, ಉಗುರೊಳಗಿನ ಫಂಗಸ್‌ಗೆ ಸಾಕಾಗುವುದಿಲ್ಲ. ಬೆರಳ ಸಂದಿಗೆ ಎಣ್ಣೆ ಬೇಡ, ಅಲ್ಲಿ ಒಣಗಿರುವುದೇ ಮುಖ್ಯ. ಅರಿಶಿನ ಹಚ್ಚಿದರೆ ಉಗುರು ಇನ್ನಷ್ಟು ಹಳದಿಯಾಗಿ, ರೋಗ ಎಲ್ಲಿದೆ ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ!

ನಿಂಬೆರಸ, ಬೆಳ್ಳುಳ್ಳಿ ಪೇಸ್ಟ್, ವಿನೆಗರ್ ಹಾಕಿದ ಬಿಸಿನೀರು, ಇವುಗಳಿಂದ ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಗ್ಗಿದವರಿಗೆ ಸುಟ್ಟದ್ದು ತಿಳಿಯುವುದೂ ಇಲ್ಲ. ಅಂಥವರ ಕಾಲಿಗೆ ಈ ಪ್ರಯೋಗಗಳನ್ನು ಮನೆಯವರು ಖಂಡಿತ ಮಾಡಬಾರದು.

ಏನೂ ಮಾಡದೆ ಬಿಡುವುದು

ಇದೂ ಒಂದು ಆಯ್ಕೆ. ಎಪ್ಪತ್ತೈದು ದಾಟಿದ ಅಜ್ಜ, ಸಕ್ಕರೆ ಕಾಯಿಲೆ ಇಲ್ಲ, ಉಗುರು ನೋಯುತ್ತಿಲ್ಲ, ಆಗಲೇ ದಿನಕ್ಕೆ ಆರು ಮಾತ್ರೆ ನುಂಗುತ್ತಿದ್ದಾರೆ. ಅವರಿಗೆ ಏಳನೆಯದು ಯಾಕೆ? ಸ್ನಾನದ ನಂತರ ಉಗುರು ಮೆತ್ತಗಿರುವಾಗ ನೇರವಾಗಿ ಕತ್ತರಿಸಿ, ಫೈಲ್‌ನಲ್ಲಿ ಉಜ್ಜಿ, ಸಂದಿ ಒಣಗಿಸಿಟ್ಟರೆ ಸಾಕು. ಅವರ ನೇಲ್ ಕಟರ್ ಮಾತ್ರ ಬೇರೆ ಇರಲಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಈ ಆಯ್ಕೆ ಇಲ್ಲ. ದಪ್ಪ ಉಗುರು ಪಕ್ಕದ ಬೆರಳಿಗೆ, ಕೆಳಗಿನ ಚರ್ಮಕ್ಕೆ ಒತ್ತಿ ಗಾಯವಾಗುತ್ತದೆ. ಸೀಳಿದ ಸಂದಿಯಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿ ಕಾಲು ಊದುತ್ತದೆ. ಅವರು ಉಗುರನ್ನು ತಾವೇ ಆಳವಾಗಿ ಕತ್ತರಿಸುವುದೂ ಬೇಡ. ಡಯಾಬಿಟಿಸ್ ಪಾದದ ಕ್ಲಿನಿಕ್ ಇದ್ದರೆ ಅಲ್ಲಿಗೆ ಹೋಗಲಿ. ಅವರಿಗೆ ಮಾತ್ರೆ ಬೇಕಾದರೆ ಸಾಮಾನ್ಯವಾಗಿ ಟರ್ಬಿನಾಫಿನ್ ಮೇಲು, ಯಾಕೆಂದರೆ ಹೃದಯ, ಕೊಲೆಸ್ಟ್ರಾಲ್ ಮಾತ್ರೆಗಳ ಜೊತೆ ಇಟ್ರಾಕೊನಝೋಲ್‌ನ ಕಿರಿಕಿರಿ ಜಾಸ್ತಿ. ಕಿಡ್ನಿ ಹೇಗಿದೆ ಅಂತ ಮೊದಲು ನೋಡಿಸಿರಬೇಕು.

ಬಸುರಿಯರು, ಹಾಲುಣಿಸುವವರು ಮಾತ್ರೆ ಮುಂದಕ್ಕೆ ಹಾಕಬೇಕು. ಉಗುರು ಒಂದು ವರ್ಷ ಕಾದರೆ ಏನೂ ಆಗುವುದಿಲ್ಲ. ಬೆರಳುಗಳ ಉಗುರೆಲ್ಲ ಕೆಟ್ಟು ಗಮ್ ಬೂಟಿನಲ್ಲೇ ದಿನ ಕಳೆಯುವ ತೋಟದ ಕೆಲಸದವರು ಲ್ಯಾಕರ್‌ಗೆ ದುಡ್ಡು ಹಾಕುವುದಕ್ಕಿಂತ ಪರೀಕ್ಷೆ ಮಾಡಿಸಿ ಮಾತ್ರೆ ತೆಗೆದುಕೊಳ್ಳುವುದು ಲಾಭ. ಬ್ರಾಂಡ್ ಹೆಸರಿಲ್ಲದ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಇದೆಯಾ ಅಂತ ಮೊದಲು ವಿಚಾರಿಸಿ.

ಮತ್ತೆ ಬರದಂತೆ: ಕಾಲಿನ ಲೆಕ್ಕಾಚಾರ

ವಾಸಿಯಾದ ಮೇಲೆ ಮತ್ತೆ ಬರುವುದು ಬಹಳ ಸಾಮಾನ್ಯ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಲು ಒಣಗುವುದೇ ಇಲ್ಲ. ಅಡಿಕೆಗೆ ಕೊಳೆರೋಗ ಬಂದ ಮೇಲೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆದರೆ ಫಸಲು ಉಳಿಯುವುದಿಲ್ಲ, ಮಳೆ ಹಿಡಿಯುವ ಮುಂಚೆ ಹೊಡೆಯಬೇಕು ಅಂತ ತೋಟದವರಿಗೆ ಗೊತ್ತು. ಬೆರಳ ಸಂದಿಯ ವಿಷಯವೂ ಹಾಗೇ. (ಕಾಲಿಗೆ ಮೈಲುತುತ್ತ ಮಾತ್ರ ಬೇಡ.)

ಸಂದಿಯಲ್ಲಿ ಈಗಾಗಲೇ ತುರಿಕೆ, ಸುಲಿತ ಇದ್ದರೆ ಪೌಡರ್ ಅಲ್ಲ, ಕ್ರೀಮ್. ಟರ್ಬಿನಾಫಿನ್ 1% ಕ್ರೀಮ್ ಬೆರಳ ಸಂದಿಗೆ ಒಂದೆರಡು ವಾರ ಸಾಕಾಗುತ್ತದೆ, ಕ್ಲೊಟ್ರಿಮಝೋಲ್ ನಾಲ್ಕು ವಾರ ಹಚ್ಚಬೇಕು. ತುರಿಕೆ ನಿಂತ ದಿನವೇ ಟ್ಯೂಬ್ ಎತ್ತಿಡುವುದು ನಮ್ಮೆಲ್ಲರ ಅಭ್ಯಾಸ. ಫಂಗಸ್ ಉಳಿಯುವುದೇ ಆಗ. ಪೌಡರ್ ಆಮೇಲಿನದು, ವಾಸಿಯಾದ ಸಂದಿ ಒಣಗಿರಲಿ ಅಂತ. ಒದ್ದೆ ಸಂದಿಗೆ ಪೌಡರ್ ಸುರಿದರೆ ಗಂಟುಕಟ್ಟಿ ಇನ್ನೂ ತೇವ ಹಿಡಿಯುತ್ತದೆ. ಕಾಲುಂಗುರ ಹಾಕುವವರು ಅದನ್ನು ಸರಿಸಿ ಅಡಿಯನ್ನೂ ಒರೆಸಿಕೊಳ್ಳಬೇಕು.

ಸಾಕ್ಸ್ ಕಾಟನ್ನಾ, ಸಿಂಥೆಟಿಕ್ಕಾ? ಕಾಟನ್ ಬೆವರು ಹೀರುತ್ತದೆ ನಿಜ, ಹೀರಿ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಆಫೀಸಿಗೆ ಹೋಗುವವರಿಗೆ ಕಾಟನ್ ಸಾಕು. ಫ್ಯಾಕ್ಟರಿಯಲ್ಲಿ ಸೇಫ್ಟಿ ಶೂ ಹಾಕಿ ಎಂಟು ಗಂಟೆ ನಿಲ್ಲುವವರಿಗೆ, ಓಡುವವರಿಗೆ ಬೆವರನ್ನು ಹೊರಗೆ ಬಿಡುವ ಸ್ಪೋರ್ಟ್ಸ್ ಸಾಕ್ಸ್ ಮೇಲು. ಯಾವುದಾದರೂ ಮಧ್ಯಾಹ್ನ ಒಂದು ಜೊತೆ ಬದಲಾಯಿಸಿದರೆ ಬಟ್ಟೆಯ ಚರ್ಚೆಯೇ ಬೇಕಾಗುವುದಿಲ್ಲ.

ತೊಳೆಯುವಾಗ ನೀರಿನ ಬಿಸಿ ಮುಖ್ಯ. 30 ಡಿಗ್ರಿಯಲ್ಲಿ ತೊಳೆದ ಸಾಕ್ಸ್‌ನಲ್ಲಿ ಫಂಗಸ್ ಬದುಕಿ ಉಳಿಯುತ್ತದೆ, 60 ಡಿಗ್ರಿಯಲ್ಲಿ ಸಾಯುತ್ತದೆ. ಹೀಟರ್ ಇಲ್ಲದ ಮಷೀನ್ ಆದರೆ ಸಾಕ್ಸ್ ಬೇರೆ ಬಕೆಟ್‌ನಲ್ಲಿ ಹಾಕಿ, ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಮುಕ್ಕಾಲು ಗಂಟೆ ನೆನೆಸಿ. ನೀರು ತಣಿದರೆ ಮತ್ತೆ ಬಿಸಿನೀರು ಸೇರಿಸಿ. ಮಳೆಗಾಲದಲ್ಲಿ ಬಿಸಿಲು ಎಲ್ಲಿ? ಬಚ್ಚಲ ಒಲೆಯ ಹತ್ತಿರ ಒಣಗಿಸುವ ಹಳೆಯ ಪದ್ಧತಿ ಚೆನ್ನಾಗಿದೆ.

ಶೂಗಳಿಗೆ ಅಲ್ಟ್ರಾವಯೊಲೆಟ್ ಯಂತ್ರ ಮಾರುತ್ತಾರೆ. ಅದರ ದುಡ್ಡಿಗೆ ಎರಡನೆಯ ಜೊತೆ ಶೂ ತಗೊಂಡು, ದಿನ ಬಿಟ್ಟು ದಿನ ಹಾಕಿದರೆ ಉಪಯೋಗ ಜಾಸ್ತಿ. ಗಮ್ ಬೂಟ್ ಆದರೆ ಕೆಲಸ ಮುಗಿದ ಮೇಲೆ ತಲೆಕೆಳಗಾಗಿ ನೀರು ಬಸಿಯಲು ಇಟ್ಟು, ಆಮೇಲೆ ಬಾಯಿ ಮೇಲೆ ಮಾಡಿ ಗಾಳಿಗೆ ಇಡಿ. ಅಣ್ಣ ತಮ್ಮ ಇಬ್ಬರೂ ಒಂದೇ ಬೂಟ್ ಹಾಕುವುದು ಬೇಡ.

ದೇವಸ್ಥಾನದಲ್ಲಿ ಬರಿಗಾಲಲ್ಲಿ ನಡೆದರೆ ಬರುತ್ತದಾ ಅಂತ ಕೇಳುತ್ತಾರೆ. ಒಣ ನೆಲದಲ್ಲಿ ನಡೆದು ಬಂದದ್ದಕ್ಕೆ ಹೆದರಬೇಕಿಲ್ಲ. ಕಾಲು ತೊಳೆದು, ಒದ್ದೆ ಕಾಲನ್ನೇ ಸಾಕ್ಸ್‌ಗೆ ತೂರಿಸುವುದು ತೊಂದರೆ. ಬ್ಯಾಗಿನಲ್ಲಿ ಸಣ್ಣ ಟವೆಲ್ ಇದ್ದರೆ ಆಯಿತು. ಈಜುಕೊಳ, ಜಿಮ್‌ನ ಬಚ್ಚಲಲ್ಲಿ ಮಾತ್ರ ಹವಾಯಿ ಚಪ್ಪಲಿ ಬಿಡಬೇಡಿ. ಪಾರ್ಲರ್‌ನಲ್ಲಿ ಪೆಡಿಕ್ಯೂರ್ ಮಾಡಿಸುವವರು ಸ್ವಂತ ಸಲಕರಣೆ ಒಯ್ಯಲಿ, ಉಗುರ ಬುಡದ ಚರ್ಮ ಕತ್ತರಿಸಲು ಬಿಡದಿರಲಿ.

ಇಷ್ಟೆಲ್ಲ ಮಾಡಿಯೂ ಬಹಳ ಮನೆಗಳಲ್ಲಿ ಒಂದೇ ನೇಲ್ ಕಟರ್ ಅಪ್ಪನಿಂದ ಮಗಳ ತನಕ ಓಡಾಡುತ್ತಿರುತ್ತದೆ, ಬಚ್ಚಲ ಬಾಗಿಲಲ್ಲಿ ಎಲ್ಲರಿಗೂ ಒಂದೇ ಒದ್ದೆ ಕಾಲೊರಸು. ಮನೆಯಲ್ಲಿ ಒಬ್ಬರಿಗೆ ಉಗುರು ಕೆಟ್ಟಿದ್ದರೆ ಉಳಿದವರ ಬೆರಳ ಸಂದಿಯನ್ನೂ ನೋಡಿ. ಇದ್ದರೆ ಎಲ್ಲರೂ ಒಟ್ಟಿಗೇ ಕ್ರೀಮ್ ಹಚ್ಚಿ.

ವಾಸಿಯಾದ ಮೇಲೆ ಲ್ಯಾಕರ್ ಮುಂದುವರಿಸಬೇಕಾ, ಪೌಡರ್ ಸಾಕಾ? ಮೊದಲ ಸಲ ಬಂದು ಹೋದವರಿಗೆ ಸಂದಿ ಒಣಗಿಸುವುದು, ಪೌಡರ್ ಇಷ್ಟು ಸಾಕು. ಎರಡನೆಯ ಸಲ ಬಂದವರು, ಮಳೆಯಲ್ಲಿ ಕೆಲಸ ಮಾಡುವವರು ಲ್ಯಾಕರನ್ನು ಕಡಿಮೆ ಸಲ ಹಚ್ಚುತ್ತಾ ಮುಂದುವರಿಸುವ ಬಗ್ಗೆ ಡಾಕ್ಟರನ್ನು ಕೇಳಬಹುದು. ತಿಂಗಳ ಫೋಟೋದಲ್ಲಿ ಉಗುರಿನ ತುದಿ ಮತ್ತೆ ಬಿಳಿಚಿ ಏಳುತ್ತಿರುವುದು ಕಂಡರೆ ಕಾಯಬೇಡಿ. ಬುಡದ ತನಕ ಹೋಗುವ ಮೊದಲೇ ಹಿಡಿದರೆ ಈ ಸಲ ಲ್ಯಾಕರ್ ಒಂದರಲ್ಲೇ ಮುಗಿಯಬಹುದು.